ಕೋವಿಯ ಗುರಿ: ಮದ್ದು, ಗುಂಡು, ಹಾವುಗೆ

1860ನೆಯ ಇಸವಿ ಜುಲೈ 2ನೆಯ ತಾರೀಖು. ಲಂಡನ್ನಿನ ಬಳಿಯ ವಿಂಬಲ್ಡನ್ ಬಯಲಿನಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ರೈಫಲ್ ಸಂಘದ ಮೊದಲನೆಯ ಪಂದ್ಯದ ಪ್ರಾರಂಭೋತ್ಸವ. ಯಂತ್ರದ ಆಧಾರವೊಂದರ ಮೇಲೆ ಅಲುಗದಂತೆ ಕೂರಿಸಿದ್ದ ಕೋವಿಯ ಬಿಲ್ಲಿಗೆ ದಾರ ಕಟ್ಟಿತ್ತು. ವಿಕ್ಟೋರಿಯಾ ರಾಣಿ ಆ ದಾರವನ್ನು ಮೆಲ್ಲನೆ ಎಳೆದಳು. ಹೊಗೆ ಕರಗಿದ ಮೇಲೆ ನೋಡಿದರೆ, 400 ಗಜ ದೂರದ ಹಲಗೆಯ ಮೇಲೆ ಗುಂಡು ನಡುಬಿಂದುವಿನಿಂದ ಸುಮಾರು ಒಂದೂಕಾಲು ಅಂಗುಲದಷ್ಟು ಮಾತ್ರ ಸರಿದು ನಾಟಿತ್ತು.

ಆ ಕೋವಿ ಇಂದಿನವರು ಬಳಸುವಂಥ ತೋಟಾಕೋವಿಯಲ್ಲ. ಬಾಯಿಯಿಂದ ಮದ್ದು ಸುರಿದು, ಮೇಲೆ ಗುಂಡನ್ನಿಟ್ಟು, ಗಜದಿಂದ ಜಡಿದು, ಕೇಪು ಹಾಕಿ ಹೊಡೆಯುವ ಹಳೆಯ ಬಗೆಯ ಕೋವಿ. ಮಲೆನಾಡಿನ, ಕೊಡಗಿನ ಓದುಗರಿಗೆ ಕೇಪಿನ ಕೋವಿಯ ಪರಿಚಯ ಹೊಸದೇನಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಯನ್ನು ಹೂವಿಟ್ಟು ಪೂಜಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದನ್ನು ಅನೇಕರು ಕಂಡಿರುತ್ತಾರೆ. ಆದರೆ ಬಾಯಿಯಿಂದ ತುಂಬುವ ಕೋವಿಯ ಬಳಕೆ ಇಂದು ಬಹು ವಿಸ್ತಾರವಾಗಿ ಉಳಿದಿರುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿನ ಅನೇಕ ರಾಜ್ಯಗಳು ಇಂಥ ಕೋವಿಯವರಿಗಾಗಿಯೇ ಜಿಂಕೆಬೇಟೆಯ ಪ್ರತ್ಯೇಕ ಋತುವನ್ನು ಗೊತ್ತುಮಾಡಿವೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ, ಅದು ಸರಿಯಾದುದೇ. ಆದರೂ ಆ ಬೇಟೆಗಾರನ ಮುಂದಿರುವ ಪ್ರಶ್ನೆ ಭೌತವಿಜ್ಞಾನದ ವಿದ್ಯಾರ್ಥಿಗೆ ಬಹಳ ಸ್ವಾರಸ್ಯವಾದುದು. ಅವನಿಗೆ ದೊರೆಯುವುದು ಒಂದೇ ಈಡು. ಎರಡನೆಯದನ್ನು ತುಂಬುವಷ್ಟರಲ್ಲಿ ಗಾಯಗೊಂಡ ಪ್ರಾಣಿ ಕಾಡು ಸೇರಿ, ನರಳಿ ಸಾಯುತ್ತದೆ. ಆದುದರಿಂದ ಋತು ಪ್ರಾರಂಭವಾಗುವ ಮೊದಲೇ ಅವನು ಕೇಳಿಕೊಳ್ಳಬೇಕು: ನನ್ನ ಕೋವಿ ನಾನು ತೋರಿಸಿದ ಕಡೆಗೇ ಹೊಡೆಯುತ್ತದೆಂದು ನನಗೆ ಹೇಗೆ ಗೊತ್ತು? ಮದ್ದನ್ನು ಹೆಚ್ಚಿಸಲೇ, ಗುಂಡನ್ನು ಬದಲಿಸಲೇ, ಗುಂಡಿಗೆ ತೊಡಿಸುವ ಕವಚವನ್ನು ಬದಲಿಸಲೇ? ಈ ಪ್ರಶ್ನೆಯ ಬೆನ್ನು ಹತ್ತಿ ಸ್ವಲ್ಪ ದೂರ ಹೋಗೋಣ.

ನೇರವಾದ ನಳಿಗೆ, ಸೊಟ್ಟ ದಾರಿ

ನಳಿಗೆ ನೇರವಾಗಿದ್ದರೆ ಗುಂಡೂ ನೇರವಾಗಿ ಹೋಗಬೇಕಲ್ಲವೆ? ಹಾಗೆಂದೇ ಬಹುಕಾಲ ಜನ ನಂಬಿದ್ದರು. ಈ ನಂಬಿಕೆಯನ್ನು ಪ್ರಯೋಗದಿಂದ ಅಲುಗಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಹಾಕಿದ ಮರದ ದಿಮ್ಮಿಗೆ ಗುಂಡನ್ನು ಹೊಡೆದು, ದಿಮ್ಮಿ ಎಷ್ಟು ತೂಗಾಡಿತೆಂಬುದನ್ನು ಅಳೆದು, ಸಂವೇಗದ ನಿಯಮದಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ಲೋಲಕವನ್ನು ಅವನು 1742ರಲ್ಲಿ ಪ್ರಕಟಿಸಿದನು. ಗಾಳಿಯ ಪ್ರತಿರೋಧ ಗುಂಡಿನ ತೂಕಕ್ಕಿಂತ ಹಲವು ಮಡಿ ಹೆಚ್ಚೆಂಬುದು ಆಗ ತಿಳಿದುಬಂತು.

ನುಣುಪಾದ ನಳಿಗೆಯಲ್ಲಿ ಸಡಿಲವಾಗಿ ಕುಳಿತ ಗುಂಡು ಹೊರಬೀಳುವಾಗ ಯಾವುದಾದರೊಂದು ಪಕ್ಕಕ್ಕೆ ಉಜ್ಜಿ ಉರುಳುತ್ತದೆ. ಹಾಗೆ ಉರುಳಿ ತಿರುಗುವ ಗುಂಡನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಕ್ರಿಕೆಟ್ಟಿನ ಚೆಂಡು ತಿರುಗುತ್ತ ಗಾಳಿಯಲ್ಲೇ ಬಾಗುವುದಿಲ್ಲವೆ, ಹಾಗೆ. ಇದನ್ನು ತೋರಿಸಲು ರಾಬಿನ್ಸ್ ಒಂದು ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿ ಹೊಡೆದನು. ಗುಂಡು ಮೊದಲು ಎಡಕ್ಕೆ ಹೊರಟು, ಅನಂತರ ಬಲಕ್ಕೆ ಬಾಗಿತು. ನಡುವೆ ಕಟ್ಟಿದ್ದ ಕಾಗದದ ಪರದೆಗಳಲ್ಲಿನ ತೂತುಗಳೇ ಅದಕ್ಕೆ ಸಾಕ್ಷಿ. ತನಗೆ ಬೇಕಾದ ಅಕ್ಷದ ಸುತ್ತ ಗುಂಡನ್ನು ತಿರುಗಿಸಿದರೆ ಈ ಚಂಚಲತೆ ತಪ್ಪುವುದೆಂದೂ, ಅದಕ್ಕೆ ನಳಿಗೆಯ ಒಳಮೈಯಲ್ಲಿ ತಿರುಪಿನಂಥ ತೋಡುಗಳೇ ಉಪಾಯವೆಂದೂ ಅವನು ವಾದಿಸಿದನು. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ನಮ್ಮ ದಕ್ಷಿಣಕ್ಕೇ ಬಂದ ರಾಬಿನ್ಸ್, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ಗುಂಡಿನ ಹಾವುಗೆ

ತಿರುಪುತೋಡು ಗುಂಡನ್ನು ತಿರುಗಿಸಬೇಕಾದರೆ ಗುಂಡು ಅದನ್ನು ಬಿಗಿಯಾಗಿ ಹಿಡಿಯಬೇಕು. ಆದರೆ ಬಾಯಿಯಿಂದ ತುಂಬುವಾಗ ಗುಂಡು ಸಡಿಲವಾಗಿದ್ದಷ್ಟೂ ಅನುಕೂಲ. ಬಿಗಿಯೂ ಬೇಕು, ಸಡಿಲವೂ ಬೇಕು! ಈ ಕೋವಿಯ ಚರಿತ್ರೆಯೆಲ್ಲ ಈ ಒಂದು ವಿರೋಧವನ್ನು ಬಿಡಿಸಿದ ಕಥೆ.

ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಕುಶಲಿಗಳು ಮಾಡಿದ ಉಪಾಯ ಸರಳವಾದುದು. ಸೀಸದ ಗೋಲಿಯನ್ನು ನಳಿಗೆಗಿಂತ ತುಸು ಚಿಕ್ಕದಾಗಿ ಎರಕಹೊಯ್ದು, ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ತುಂಬುವುದು. ಬಟ್ಟೆ ತೋಡುಗಳನ್ನು ಹಿಡಿಯುತ್ತದೆ. ಗೋಲಿ ಬಟ್ಟೆಯ ಜೊತೆಗೆ ತಿರುಗುತ್ತದೆ. ಬಾಯಿ ದಾಟಿದೊಡನೆ ಬಟ್ಟೆ ಕಳಚಿ ಬೀಳುತ್ತದೆ.

ಇನ್ನೊಂದು ಉಪಾಯದ ಮೂಲ ನಮ್ಮ ನಾಡಿನದೆಂದು ಹೇಳುವುದುಂಟು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಜಾನ್ ನಾರ್ಟನ್ ಎಂಬ ಸೈನ್ಯಾಧಿಕಾರಿ ಇಲ್ಲಿಯ ಜನ ಊದುಗೊಳವೆಯಿಂದ ಬಾಣ ಹಾರಿಸುವುದನ್ನು ಗಮನಿಸಿದನು. ಬಾಣದ ಬುಡದಲ್ಲಿ ತಾವರೆಯ ದಂಟಿನ ತಿರುಳಿತ್ತು. ಊದಿದಾಗ ಅದು ಹಿಗ್ಗಿ ಕೊಳವೆಯ ಒಳಮೈಗೆ ಒತ್ತಿಕೊಂಡು, ಉಸಿರು ಪಕ್ಕದಿಂದ ಸೋರದಂತೆ ತಡೆಯುತ್ತಿತ್ತು. ಗುಂಡಿನ ಬುಡವನ್ನೂ ಟೊಳ್ಳಾಗಿ ಮಾಡಿದರೆ ಮದ್ದಿನ ಒತ್ತಡವೇ ಅದನ್ನು ಹಿಗ್ಗಿಸೀತಲ್ಲವೆ ಎಂಬ ಯೋಚನೆ ಅವನಿಗೆ ಹೊಳೆಯಿತು. ಫ್ರಾನ್ಸಿನ ಮಿನಿಯೇ 1849ರಲ್ಲಿ ಇದೇ ತತ್ತ್ವದ ಗುಂಡನ್ನು ಬಳಕೆಗೆ ತಂದನು. ಬ್ರಿಟಿಷ್ ಸೈನ್ಯದ 1853ರ ಮಾದರಿಯ ಎನ್‌ಫೀಲ್ಡ್ ಕೋವಿ ಈ ಪರಂಪರೆಯದೇ.

ಮೂರನೆಯ ಉಪಾಯ ಇಂದಿನದು. ಫ್ರೆಂಚರು ಮರದಲ್ಲಿ ಕೊರೆದ ಪಾದರಕ್ಷೆಯನ್ನು ಸ್ಯಾಬೊ ಎನ್ನುತ್ತಾರೆ. ನಮ್ಮ ಹಾವುಗೆಯ ದೂರದ ನೆಂಟ. ಗುಂಡಿಗೆ ತೊಡಿಸುವ ಪ್ಲಾಸ್ಟಿಕ್ ಬಟ್ಟಲಿಗೂ ಅದೇ ಹೆಸರು ಬಂದಿದೆ. 1985ರಲ್ಲಿ ಮಿಸೌರಿ ರಾಜ್ಯದ ಟೋನಿ ನೈಟ್ ಎಂಬ ಕೋವಿಕುಶಲಿ, ಕೇಪಿನ ಕಿಡಿ ನೇರವಾಗಿ ಹಿಂದಿನಿಂದ ಮದ್ದಿಗೆ ತಗಲುವ ಹೊಸ ಮಾದರಿಯೊಂದನ್ನು ಹೊರತಂದ ಮೇಲೆ, ಇಂಥ ಹಾವುಗೆ ತೊಟ್ಟ ಗುಂಡುಗಳ ಬಳಕೆ ಅಮೆರಿಕದಲ್ಲಿ ಹಬ್ಬಿತು. ನಳಿಗೆಯ ವ್ಯಾಸ ಅರ್ಧ ಅಂಗುಲ. ಗುಂಡಿನ ವ್ಯಾಸ 0.45 ಅಂಗುಲ, ನಡುವಣ ತೆರಪನ್ನು ಹಾವುಗೆ ತುಂಬುತ್ತದೆ. ಇದರಲ್ಲೊಂದು ಲಾಭವುಂಟು. ನಳಿಗೆಯೊಳಗೆ ಒತ್ತಡ ತಳ್ಳುವುದು ಅರ್ಧ ಅಂಗುಲದ ವೃತ್ತವನ್ನು. ಹೊರಗೆ ಗಾಳಿ ತಡೆಯುವುದು 0.45 ಅಂಗುಲದ ವೃತ್ತವನ್ನು. ಲೆಕ್ಕ ಹಾಕಿದರೆ ಮೊದಲನೆಯ ಕ್ಷೇತ್ರ ಎರಡನೆಯದಕ್ಕಿಂತ ಶೇಕಡಾ 23ರಷ್ಟು ದೊಡ್ಡದು. ತಳ್ಳುವ ಕೈ ಹಿರಿದು, ತಡೆಯುವ ಕೈ ಕಿರಿದು.

ಆದರೆ ಹಾವುಗೆ ಕಾಲಿಗೆ ಸರಿಯಾಗಿರಬೇಕು. ತೀರ ಸಡಿಲವಾದರೆ ಅನಿಲ ಸೋರಿ ವೇಗ ಏರುಪೇರಾಗುತ್ತದೆ. ತೀರ ಬಿಗಿಯಾದರೆ ತುಂಬುವಾಗಲೇ ತೋಡಿಗೆ ಸಿಕ್ಕಿ ಹರಿಯುತ್ತದೆ. ಹೊರಬಿದ್ದ ಮೇಲೆ ಅದರ ಎಸಳುಗಳು ಗಾಳಿಯ ಹೊಡೆತಕ್ಕೆ ಅರಳಿ ಏಕಕಾಲದಲ್ಲಿ ಕಳಚಿಕೊಳ್ಳಬೇಕು. ಒಂದೆಸಳು ತಡವಾದರೂ ಗುಂಡಿಗೆ ಪಕ್ಕದಿಂದ ಪೆಟ್ಟು ಬೀಳುತ್ತದೆ. ಅನುಭವಸ್ಥರು ಹೊಡೆದ ಹಾವುಗೆಗಳನ್ನು ನೆಲದಿಂದ ಆರಿಸಿ ಪರೀಕ್ಷಿಸುತ್ತಾರೆ. ಎಸಳುಗಳು ಸಮವಾಗಿ ಬಾಗಿದ್ದರೆ ಕ್ಷೇಮ. ಬುಡ ಕರಗಿದ್ದರೆ ಮದ್ದು ಹೆಚ್ಚಾಯಿತೆಂದೋ, ನಳಿಗೆ ಆರುವ ಮೊದಲೇ ಮತ್ತೆ ತುಂಬಿದರೆಂದೋ ಅರ್ಥ.

ಎಷ್ಟು ಸುತ್ತು ಬೇಕು?

ಬುಗುರಿ ವೇಗವಾಗಿ ತಿರುಗುತ್ತಿರುವಾಗ ನೆಟ್ಟಗೆ ನಿಲ್ಲುತ್ತದೆ. ವೇಗ ತಗ್ಗಿದಾಗ ತಲೆಯಾಡಿಸಿ ಉರುಳುತ್ತದೆ. ಉದ್ದನೆಯ ಗುಂಡಿಗೂ ಅದೇ ನ್ಯಾಯ. ಗುಂಡು ಉದ್ದವಾದಷ್ಟೂ ಗಾಳಿ ಅದನ್ನು ಅಡ್ಡ ಕೆಡಹಲು ಹೆಚ್ಚು ಹವಣಿಸುವುದರಿಂದ ಹೆಚ್ಚು ಸುತ್ತು ಬೇಕು. ಇದಕ್ಕೆ 1879ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಗ್ರೀನ್‌ಹಿಲ್ ಒಂದು ಸುಲಭ ಸೂತ್ರವನ್ನು ಕೊಟ್ಟನು. ಸೀಸದ ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿದರೆ, ತೋಡು ಎಷ್ಟು ಅಂಗುಲಕ್ಕೆ ಒಂದು ಸುತ್ತು ಬರಬೇಕೆಂಬುದು ದೊರೆಯುತ್ತದೆ. ಅರ್ಧ ಅಂಗುಲದ ಗೋಲಿಗೆ 75 ಅಂಗುಲಕ್ಕೊಂದು ಸುತ್ತು ಸಾಕು. 0.45 ಅಂಗುಲ ವ್ಯಾಸದ, 0.9 ಅಂಗುಲ ಉದ್ದದ ಗುಂಡಿಗೆ ಸುಮಾರು 34 ಅಂಗುಲಕ್ಕೊಂದು ಬೇಕು. ಇಂದಿನ ಹಾವುಗೆಯ ಕೋವಿಗಳಲ್ಲಿ 28 ಅಂಗುಲಕ್ಕೊಂದು ಸುತ್ತು ಸಾಮಾನ್ಯ. ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಹೊರಟ ಗುಂಡು ಇದರಿಂದ ಸೆಕೆಂಡಿಗೆ ಸುಮಾರು 700 ಸುತ್ತು ತಿರುಗುತ್ತದೆ!

ಹಾಗಾದರೆ ಸುತ್ತು ಹೆಚ್ಚಿದಷ್ಟೂ ಒಳ್ಳೆಯದೆ? ಅಲ್ಲ. ಗುಂಡಿನ ಗುರುತ್ವಕೇಂದ್ರ ಅದರ ನಡುಗೆರೆಯಿಂದ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಸರಿದಿದೆಯೆಂದು ಭಾವಿಸೋಣ. ನಳಿಗೆಯೊಳಗೆ ಆ ಕೇಂದ್ರ ಪುಟ್ಟದೊಂದು ವೃತ್ತದಲ್ಲಿ ಸುತ್ತುತ್ತಿರುತ್ತದೆ. ಬಾಯಿ ದಾಟಿದೊಡನೆ, ದಾರ ಹರಿದ ಕವಣೆಯ ಕಲ್ಲಿನಂತೆ, ಸ್ಪರ್ಶರೇಖೆಯ ದಿಕ್ಕಿಗೆ ಸಿಡಿಯುತ್ತದೆ. ಆ ಓರೆಯ ಕೋನವನ್ನು ಗಣಿಸುವುದು ಸುಲಭ: ವೃತ್ತದ ಪರಿಧಿಯನ್ನು, ಒಂದು ಸುತ್ತಿಗೆ ಗುಂಡು ಸಾಗುವ ದೂರದಿಂದ ಭಾಗಿಸಿದರಾಯಿತು. 28 ಅಂಗುಲದ ಸುತ್ತಿಗೆ ಇದು 100 ಮೀಟರಿನಲ್ಲಿ ಸುಮಾರು 9 ಮಿಲಿಮೀಟರಿನ ತಪ್ಪಾಗುತ್ತದೆ. 66 ಅಂಗುಲದ ಸುತ್ತಿಗೆ ಸುಮಾರು 4 ಮಿಲಿಮೀಟರ್. ಗುಂಡಿನ ವೇಗ ಈ ಲೆಕ್ಕದಲ್ಲಿ ಬರುವುದೇ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಎರಕದಲ್ಲಿ ಗಾಳಿಗುಳ್ಳೆ ಉಳಿದ ಗುಂಡನ್ನು ಎಷ್ಟು ಮದ್ದು ಹಾಕಿ ಹೊಡೆದರೂ ಅದರ ದೋಷ ಮುಚ್ಚುವುದಿಲ್ಲ.

ರಾಣಿ ಹಾರಿಸಿದ ಕೋವಿಯ ನಿರ್ಮಾಪಕ ಜೋಸೆಫ್ ವಿಟ್‌ವರ್ತ್ ಇದನ್ನು ಚೆನ್ನಾಗಿ ಅರಿತಿದ್ದ ಎಂಜಿನಿಯರು. ಅವನು ನಳಿಗೆಯನ್ನು ಆರು ಮೂಲೆಯದಾಗಿ ಕೊರೆದು, ಅದಕ್ಕೆ ಹೊಂದುವ ಆರು ಮೂಲೆಯ ಉದ್ದನೆಯ ಗುಂಡನ್ನು ಮಾಡಿ, 20 ಅಂಗುಲಕ್ಕೊಂದು ಸುತ್ತನ್ನಿಟ್ಟನು. ಎನ್‌ಫೀಲ್ಡಿನಲ್ಲಿ ಇದ್ದುದು 78 ಅಂಗುಲಕ್ಕೊಂದು. 1857ರ ಪರೀಕ್ಷೆಯಲ್ಲಿ, 500 ಗಜ ದೂರದಲ್ಲಿ ಎನ್‌ಫೀಲ್ಡ್ ಗುಂಡುಗಳ ಸರಾಸರಿ ವಿಚಲನ ಸುಮಾರು 27 ಅಂಗುಲ; ವಿಟ್‌ವರ್ತನದು ನಾಲ್ಕೂವರೆ ಅಂಗುಲ ಮಾತ್ರ. ಉದ್ದನೆಯ ಗುಂಡು, ಅದಕ್ಕೆ ತಕ್ಕ ಸುತ್ತು, ಸೂಕ್ಷ್ಮವಾದ ತಯಾರಿಕೆ, ಈ ಮೂರೂ ಕೂಡಿದುದರ ಫಲವಿದು.

ಮದ್ದಿನ ಲೆಕ್ಕ

ಈಗ ಮದ್ದಿಗೆ ಬರೋಣ. 100 ಮೀಟರ್ ದೂರವನ್ನು ಗುಂಡು ಸರಾಸರಿ 400 ಮೀಟರ್ ವೇಗದಲ್ಲಿ ದಾಟಿದರೆ ಕಾಲು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಗುರುತ್ವ ಅದನ್ನು ಸುಮಾರು 31 ಸೆಂಟಿಮೀಟರ್ ಕೆಳಗಿಳಿಸಿರುತ್ತದೆ. ಈ ಇಳಿತವನ್ನು ಲೆಕ್ಕಕ್ಕೆ ಹಿಡಿದೇ ಕೋವಿಯ ಗುರಿಯನ್ನು ಹೊಂದಿಸಿರುತ್ತಾರೆ. ಆದರೆ ಈಡಿನಿಂದ ಈಡಿಗೆ ವೇಗ ಶೇಕಡಾ 2ರಷ್ಟು ವ್ಯತ್ಯಾಸವಾದರೆ, ಇಳಿತ ಶೇಕಡಾ 4ರಷ್ಟು, ಎಂದರೆ ಸುಮಾರು 1.2 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. 200 ಮೀಟರಿನಲ್ಲಿ, ಅದೇ ಸರಾಸರಿ ವೇಗವಿದ್ದರೂ, ಈ ವ್ಯತ್ಯಾಸ ನಾಲ್ಮಡಿಯಾಗಿ 5 ಸೆಂಟಿಮೀಟರನ್ನು ಮುಟ್ಟುತ್ತದೆ. ಆದುದರಿಂದ ಬೇಕಾದುದು ಹೆಚ್ಚು ಮದ್ದಲ್ಲ, ಸಮನಾದ ಮದ್ದು. ಪ್ರತಿ ಸಲವೂ ಅದೇ ಅಳತೆ. ಗಜದಿಂದ ಅದೇ ಬಲದಲ್ಲಿ ಜಡಿತ.

ಮದ್ದನ್ನು ಹೆಚ್ಚಿಸುತ್ತ ಹೋದರೆ ವೇಗವೂ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಉರಿದ ಕರಿಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಅನಿಲವಾಗುತ್ತದೆಂದು ನೋಬಲ್ ಮತ್ತು ಏಬಲ್ ಎಂಬ ವಿಜ್ಞಾನಿಗಳು 1875ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದರು. ಉಳಿದುದು ಹೊಗೆ ಮತ್ತು ಮಸಿ. ಹೆಚ್ಚು ಮದ್ದು ಹಾಕಿದರೆ ಗುಂಡಿನ ಜೊತೆಗೆ ಆ ಮಸಿಯನ್ನೂ ನೂಕಬೇಕು. ಇತ್ತ ಹಿಂದೊದೆತ ಮಾತ್ರ ಬಲಿಯುತ್ತ ಹೋಗುತ್ತದೆ. 16 ಗ್ರಾಮಿನ ಗುಂಡು 500 ಮೀಟರ್ ವೇಗದಲ್ಲಿ ಹೊರಟರೆ, ಮೂರೂವರೆ ಕಿಲೋಗ್ರಾಮಿನ ಕೋವಿ ಗುಂಡೊಂದರಿಂದಲೇ ಸೆಕೆಂಡಿಗೆ 2.3 ಮೀಟರ್ ವೇಗದಲ್ಲಿ ಭುಜಕ್ಕೆ ಅಪ್ಪಳಿಸುತ್ತದೆ. ಹೊಗೆಯ ಸಂವೇಗ ಇದಕ್ಕೆ ಸೇರುತ್ತದೆ. ಇದರ ನೆನಪಿನಿಂದ ಮುಂದಿನ ಈಡಿಗೆ ಮುಂಚೆಯೇ ಕಣ್ಣು ಮುಚ್ಚುತ್ತದೆ, ಭುಜ ಹಿಂಜರಿಯುತ್ತದೆ. ಹೀಗಾಗಿ ಒಂದು ಮಿತಿಯಾಚೆಗೆ ಮದ್ದು ಹೆಚ್ಚಿದಷ್ಟೂ ಗುರಿ ಕೆಡುವುದೇ ಹೆಚ್ಚು. ಆ ಮಿತಿ ಸುರಕ್ಷಿತತೆಯ ಮಿತಿಯೂ ಹೌದು. ತಯಾರಕರು ಹೇಳಿದ ಪ್ರಮಾಣವನ್ನು ಮೀರುವುದಾಗಲಿ, ಕರಿಮದ್ದಿನ ಕೋವಿಗೆ ಹೊಗೆಯಿಲ್ಲದ ಮದ್ದನ್ನು ತುಂಬುವುದಾಗಲಿ, ಮದ್ದಿಗೂ ಗುಂಡಿಗೂ ನಡುವೆ ತೆರಪು ಬಿಡುವುದಾಗಲಿ ನಳಿಗೆಯನ್ನೇ ಒಡೆಯಬಲ್ಲುದು. ಇದಕ್ಕಾಗಿಯೇ ಜಾಣರು ಗಜದ ಮೇಲೊಂದು ಗೆರೆ ಗುರುತು ಮಾಡಿ, ಪ್ರತಿ ಸಲವೂ ಗುಂಡು ಮದ್ದಿನ ಮೇಲೆ ಸರಿಯಾಗಿ ಕುಳಿತಿದೆಯೇ ಎಂದು ನೋಡಿಕೊಳ್ಳುತ್ತಾರೆ.

ಆ ಮಸಿಯಾದರೂ ಸಾಮಾನ್ಯವಲ್ಲ. ಪ್ರತಿ ಈಡಿಗೂ ನಳಿಗೆಯೊಳಗೆ ಪದರ ಕಟ್ಟಿ, ಗಾಳಿಯ ತೇವವನ್ನು ಹೀರಿ, ಮುಂದಿನ ಗುಂಡಿನ ದಾರಿಯನ್ನು ಇಕ್ಕಟ್ಟುಮಾಡುತ್ತದೆ. ಒರೆಸದೆ ಹೊಡೆದ ಐದನೆಯ ಈಡು, ಮೊದಲನೆಯ ಈಡು ಹೊರಟ ನಳಿಗೆಯಿಂದ ಹೊರಡುವುದೇ ಇಲ್ಲ! ಎನ್‌ಫೀಲ್ಡ್ ಕೋವಿಯ ಕಾಗದದ ತೋಟಾಕ್ಕೆ ಜಿಡ್ಡು ಸವರುತ್ತಿದ್ದುದಕ್ಕೆ ಇದೂ ಒಂದು ಕಾರಣ. ಆ ಜಿಡ್ಡು ಹಸುವಿನ, ಹಂದಿಯ ಕೊಬ್ಬೆಂಬ ಸುದ್ದಿ ಹಬ್ಬಿ, 1857ರ ಮಹಾಬಂಡಾಯಕ್ಕೆ ಕಿಡಿಯಾಯಿತು. ಬಂಡಾಯಕ್ಕೆ ಅದೊಂದೇ ಕಾರಣವಲ್ಲ. ಆದರೆ ಸಿಪಾಯಿಯ ಮನಸ್ಸನ್ನು ಲೆಕ್ಕಕ್ಕೆ ತಾರದೆ ನಳಿಗೆಯ ಮಸಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದ ಎಂಜಿನಿಯರಿಕೆ ಎಷ್ಟು ಅಪೂರ್ಣವೆಂಬುದಕ್ಕೆ ಅದು ನಿದರ್ಶನ.

ಮೂರು ಗುಂಡುಗಳ ಮೋಸ

ಮದ್ದು, ಗುಂಡು, ಹಾವುಗೆ, ಮಸಿ, ಕೈನಡುಕ: ಇಷ್ಟು ಕಾರಣಗಳಿರುವಾಗ ಯಾವುದನ್ನು ಮೊದಲು ಸರಿಪಡಿಸಬೇಕು? ಒಂದನ್ನೊಂದು ಅವಲಂಬಿಸದ ತಪ್ಪುಗಳು ಸುಮ್ಮನೆ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ವೇಗದ ವ್ಯತ್ಯಾಸದಿಂದ 1.2, ಹಾವುಗೆಯ ದೋಷದಿಂದ 3, ಕೈನಡುಕದಿಂದ 2 ಸೆಂಟಿಮೀಟರ್ ತಪ್ಪಾಗುತ್ತಿದೆಯೆನ್ನೋಣ. ವರ್ಗಗಳ ಮೊತ್ತ 14.44, ಒಟ್ಟು ತಪ್ಪು ಅದರ ವರ್ಗಮೂಲ, 3.8 ಸೆಂಟಿಮೀಟರ್. ಬಹಳ ಶ್ರಮಪಟ್ಟು ಮದ್ದನ್ನು ಮಿಲಿಗ್ರಾಮಿನವರೆಗೆ ತೂಗಿ ವೇಗದ ತಪ್ಪನ್ನು ಪೂರ್ತಿ ತೊಡೆದರೂ ಒಟ್ಟು ತಪ್ಪು 3.6ಕ್ಕೆ ಮಾತ್ರ ಇಳಿಯುತ್ತದೆ. ಹಾವುಗೆಯ ತಪ್ಪನ್ನು ಅರ್ಧಕ್ಕಿಳಿಸಿದರೆ ಸಾಕು, 2.8ಕ್ಕೆ ಇಳಿಯುತ್ತದೆ. ದೊಡ್ಡ ತಪ್ಪನ್ನು ಬಿಟ್ಟು ಸಣ್ಣದನ್ನು ತಿದ್ದುವವನು ಓಡೆತ್ತಿಗೆ ಹುಲ್ಲು ಹಾಕದೆ ಕೊಂಬಿಗೆ ಬಣ್ಣ ಬಳಿದವನಂತೆ.

ದೊಡ್ಡ ತಪ್ಪು ಯಾವುದೆಂದು ತಿಳಿಯುವುದು ಹೇಗೆ? ಒಂದು ಸಲಕ್ಕೆ ಒಂದನ್ನೇ ಬದಲಿಸಿ ಹೊಡೆದು ನೋಡಬೇಕು. ಇಲ್ಲಿ ಬಹುಮಂದಿ ಎಡವುತ್ತಾರೆ. ಮೂರು ಗುಂಡು ಹೊಡೆದು, ತೂತುಗಳು ಹತ್ತಿರ ಬಿದ್ದರೆ, ಇದೇ ಉತ್ತಮ ಈಡೆಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಏನನ್ನೂ ಬದಲಿಸದೆ ಮೂರು ಮೂರು ಗುಂಡುಗಳಂತೆ ಹೊಡೆದರೂ, ಒಂದು ಗುಂಪು ಇನ್ನೊಂದರ ಇಮ್ಮಡಿ ಅಗಲವಾಗುವುದು ಅಪರೂಪವಲ್ಲ. ಇದು ಕೇವಲ ಆಕಸ್ಮಿಕದ ಆಟ. ಅಲ್ಲದೆ ಗುಂಡುಗಳ ಸಂಖ್ಯೆ ಹೆಚ್ಚಿದಂತೆ ಗುಂಪಿನ ಅಗಲ ಬೆಳೆಯುತ್ತದೆ. ಸಂಭವಶಾಸ್ತ್ರದ ಲೆಕ್ಕದಂತೆ, ಮೂರು ಗುಂಡುಗಳ ಗುಂಪು ಸರಾಸರಿ 24 ಮಿಲಿಮೀಟರ್ ಅಗಲವಾಗುವ ಕೋವಿಯಲ್ಲಿ ಹತ್ತು ಗುಂಡುಗಳ ಗುಂಪು ಸುಮಾರು 38 ಮಿಲಿಮೀಟರ್ ಆಗುತ್ತದೆ. ಕೋವಿ ಕೆಟ್ಟಿತೆಂದಲ್ಲ, ಸತ್ಯ ಹೆಚ್ಚು ಹೊರಬಂತೆಂದು.

ಈ ದೌರ್ಬಲ್ಯ ಬೇಟೆಗಾರನಿಗೆ ಮಾತ್ರ ಸೇರಿದುದಲ್ಲ. ಬೆಂಗಳೂರಿನ ನಮ್ಮ ಪ್ರಯೋಗಶಾಲೆಯಲ್ಲಿ ಒಮ್ಮೆ ವಿದ್ಯಾರ್ಥಿಯೊಬ್ಬನು ಸರಳ ಲೋಲಕದಿಂದ ಗುರುತ್ವದ ಬೆಲೆಯನ್ನು ಕಂಡುಹಿಡಿದು, 981 ಎಂದು ಹೆಮ್ಮೆಯಿಂದ ದಾಖಲೆಪುಸ್ತಕವನ್ನು ಒಪ್ಪಿಸಿದನು. ಅಂಚಿನಲ್ಲಿ ಸೀಸದಕಡ್ಡಿಯಿಂದ ಹೊಡೆದುಹಾಕಿದ ಎರಡು ಬೆಲೆಗಳು ನಮ್ಮ ಕಣ್ಣಿಗೆ ಬಿದ್ದವು: 977 ಮತ್ತು 979. ಪಠ್ಯಪುಸ್ತಕಕ್ಕೆ ಹೊಂದಲಿಲ್ಲವೆಂದು ಅವನು ಅವನ್ನು ಬಿಟ್ಟಿದ್ದನು. ಸಮಭಾಜಕವೃತ್ತಕ್ಕೆ ಹತ್ತಿರವೂ, ಕಡಲಮಟ್ಟದಿಂದ ಎತ್ತರವೂ ಆದ ಬೆಂಗಳೂರಿನಲ್ಲಿ ನಿಜವಾದ ಬೆಲೆ ಸುಮಾರು 978! ಅವನು ಹೊಡೆದುಹಾಕಿದ್ದುದು ತಪ್ಪನ್ನಲ್ಲ, ಸತ್ಯವನ್ನು. ಹಲಗೆಯ ಮೇಲೆ ದೂರ ಬಿದ್ದ ತೂತನ್ನು "ಇದು ಕೈತಪ್ಪಿ ಹೋಯಿತು" ಎಂದು ಬಿಟ್ಟುಬಿಡುವ ಬೇಟೆಗಾರನಾದರೂ ಮಾಡುವುದು ಇದನ್ನೇ. ಅವನ ಸುಳ್ಳಿನ ಬೆಲೆಯನ್ನು ತೆರುವುದು ಮಾತ್ರ ಜಿಂಕೆ.

ಕೋವಿಯಿಲ್ಲದೆಯೇ ಈ ಪಾಠವನ್ನು ಕಲಿಯಬಹುದು. ಮೇಜಿನ ಮೇಲೆ ಓರೆಯಾಗಿ ಒಂದು ಜಾಡನ್ನಿಟ್ಟು, ಅದರ ಕೊನೆ ಮೇಜಿನ ಅಂಚಿನಲ್ಲಿ ಮಟ್ಟಸವಾಗುವಂತೆ ಮಾಡಿರಿ. ನೆಲದ ಮೇಲೆ ಬಿಳಿಯ ಕಾಗದವನ್ನೂ, ಅದರ ಮೇಲೆ ಕಾರ್ಬನ್ ಕಾಗದವನ್ನೂ ಹಾಸಿರಿ. ಉಕ್ಕಿನ ಗೋಲಿಯೊಂದನ್ನು ಒಂದೇ ಎತ್ತರದಿಂದ ಇಪ್ಪತ್ತು ಸಲ ಉರುಳಬಿಡಿರಿ. ಎತ್ತರ ಇಲ್ಲಿ ಮದ್ದಿದ್ದಂತೆ, ಗೋಲಿಯೇ ಗುಂಡು, ಜಾಡೇ ನಳಿಗೆ. ಇಪ್ಪತ್ತು ಚುಕ್ಕೆಗಳ ನಡುವನ್ನು ಗುರುತಿಸಿ, ಅಲ್ಲಿಂದ ಒಂದೊಂದೂ ಎಷ್ಟು ದೂರವೆಂದು ಅಳೆದು ಸರಾಸರಿ ತೆಗೆಯಿರಿ. ಅನಂತರ ಎತ್ತರವನ್ನು ಮಾತ್ರ ಬದಲಿಸಿರಿ. ಅನಂತರ ಗೋಲಿಯನ್ನು ಮಾತ್ರ. ಅನಂತರ ಜಾಡನ್ನು ಒರೆಸಿ ನೋಡಿರಿ. ಚುಕ್ಕೆಗಳು ಯಾವುದರಿಂದ ಹೆಚ್ಚು ಚೆದರುತ್ತವೆಂಬುದು ತಾನಾಗಿಯೇ ತಿಳಿಯುತ್ತದೆ. ದೂರ ಬಿದ್ದ ಚುಕ್ಕೆಯನ್ನು ಮಾತ್ರ ಅಳಿಸಬೇಡಿರಿ.